ಯಾವ ಉಡುಗೊರೆಗೆ ಯಾವ ಬಟ್ಟೆ: ಹೊಲಿಯುವ ಮೊದಲು ಒಗೆತದ ಲೆಕ್ಕ

ಹೋದ ಮಳೆಗಾಲದಲ್ಲಿ ನೆರೆಮನೆಯ ಹುಡುಗಿಯೊಬ್ಬಳು ಬಟ್ಟೆಯ ತುಂಡೊಂದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ದುಬೈಯಲ್ಲಿರುವ ಅವಳ ಅಣ್ಣ ತಂದುಕೊಟ್ಟದ್ದು. ಹತ್ತಿಯೇ ಆದರೂ ರೇಷ್ಮೆಯ ಹಾಗೆ ಕೈಯಿಂದ ಜಾರುವ, ಒತ್ತೊತ್ತಾಗಿ ಸಣ್ಣ ಹೂಗಳಿರುವ ಲಂಡನ್ನಿನ ಲಿಬರ್ಟಿ ಬಟ್ಟೆ. ಸರಿಯಾಗಿ ಒಂದು ಮೀಟರ್ ಇತ್ತು.

"ಅಕ್ಕಾ, ಚಿಕ್ಕಮ್ಮನ ಮಗಳ ಮಗುವಿಗೆ ತೊಟ್ಟಿಲು ಹಾಕುವ ದಿನ ಹತ್ತಿರ ಬಂತು. ಇದರಲ್ಲಿ ಒಂದು ಹೊದಿಕೆ ಹೊಲಿದು ಕೊಡಲಾ?" ಎಂದು ಕೇಳಿದಳು.

ಬೇಡ ಎಂದೆ. ಅವಳ ಮುಖ ಬಾಡಿತು. ಬಟ್ಟೆ ಚೆನ್ನಾಗಿಲ್ಲವೆಂದು ಹಾಗೆ ಹೇಳಿದ್ದಲ್ಲ. ಅಷ್ಟು ಚೆಂದದ್ದನ್ನು ಮಗುವಿನ ಕೈಗೆ ಕೊಡಲು ಯಾವ ಬಾಣಂತಿಗೂ ಮನಸ್ಸು ಬರುವುದಿಲ್ಲ. ಮಡಚಿ ಕಪಾಟಿನಲ್ಲಿ ಇಡುತ್ತಾಳೆ, ಮಗು ಶಾಲೆಗೆ ಹೋಗುವ ಹೊತ್ತಿಗೆ ಮಡಿಕೆಯ ಗೆರೆಯಲ್ಲಿ ಬೂಸ್ಟು ಹಿಡಿದಿರುತ್ತದೆ. ನಾನು ಹೊಲಿದು ಕೊಟ್ಟ ಉಡುಗೊರೆಗಳಲ್ಲಿ ಹೀಗೆ ಕಪಾಟು ಸೇರಿದವು ಕೆಲವಿವೆ. ಬಳಸಿ ಬಳಸಿ ಹರಿದುಹೋದವುಗಳ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ, ಕಪಾಟು ಸೇರಿದವುಗಳ ಬಗ್ಗೆ ಇವತ್ತಿಗೂ ಇದೆ.

ಹಾಗಾಗಿ ಬಟ್ಟೆ ಆರಿಸುವಾಗ ಬಣ್ಣ, ಡಿಸೈನ್, ಬೆಲೆ ಎಲ್ಲಕ್ಕೂ ಮೊದಲು ನಾನು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಈ ವಸ್ತು ಎಷ್ಟು ಸಲ ನೀರಿಗೆ ಬೀಳುತ್ತದೆ? ದಿನಾ ಒಗೆಯುವುದೋ, ತಿಂಗಳಿಗೊಮ್ಮೆಯೋ, ವರ್ಷಕ್ಕೆ ಒಂದು ಸಲವೂ ಇಲ್ಲವೋ? ನಮ್ಮ ಕಾಸರಗೋಡಿನಲ್ಲಿ ಈ ಪ್ರಶ್ನೆಯ ತೂಕ ಇನ್ನೂ ಜಾಸ್ತಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿದು. ಮಳೆ ಬಿಡದ ಆಟಿ ತಿಂಗಳಲ್ಲಿ ಒದ್ದೆ ಬಟ್ಟೆ ಮೂರು ದಿನ ಹಗ್ಗದ ಮೇಲೆಯೇ ಇರುತ್ತದೆ. ಒಗೆಯುವ ಕಲ್ಲು ಇನ್ನೂ ಬಹಳ ಮನೆಗಳ ಬಾವಿಕಟ್ಟೆಯ ಪಕ್ಕದಲ್ಲಿದೆ. ಚಳಿ ದೇಶದವರಿಗಾಗಿ ಬರೆದ ಹೊಲಿಗೆಯ ಸಲಹೆಗಳನ್ನು ಹಾಗೆಯೇ ಇಲ್ಲಿಗೆ ತಂದರೆ ಆಗುವುದಿಲ್ಲ.

ಹೊರದೇಶದ ಡಿಸೈನರ್ ಕಾಟನ್

ಡಿಸೈನರ್ ಬಟ್ಟೆ ಎಂದು ಮಾರುವುದರಲ್ಲಿ ಮುಖ್ಯವಾಗಿ ಎರಡು ಬಗೆ ನಮ್ಮ ಕೈಗೆ ಬರುತ್ತವೆ. ಒಂದು, ಅಮೆರಿಕ, ಜಪಾನ್ ಕಡೆಯ ಕ್ವಿಲ್ಟಿಂಗ್ ಕಾಟನ್, ಎಂದರೆ ತುಂಡು ಜೋಡಿಸಿ ಕೌದಿ ಹೊಲಿಯಲೆಂದು ಮಾಡಿದ ಹತ್ತಿ ಬಟ್ಟೆ. ಇನ್ನೊಂದು, ಲಿಬರ್ಟಿಯವರ ಟಾನಾ ಲಾನ್‌ನಂಥ ತೆಳು ಲಾನ್, ಎಂದರೆ ಸಣ್ಣ ಎಳೆಯ ನಯವಾದ ಹತ್ತಿ ಬಟ್ಟೆ. ಇವೆರಡನ್ನು ಒಂದೇ ಎಂದು ತಿಳಿದು ಕತ್ತರಿ ಹಾಕಿದವರು ಪೇಚಾಡುತ್ತಾರೆ.

ಕ್ವಿಲ್ಟಿಂಗ್ ಕಾಟನ್ ಚದರ ಮೀಟರಿಗೆ ಸುಮಾರು 140-150 ಗ್ರಾಂ ತೂಗುತ್ತದೆ, ಅಗಲ 42ರಿಂದ 44 ಇಂಚು. ಕತ್ತರಿಸಿದ ಅಂಚು ಬೇಗ ಎಳೆ ಬಿಡುವುದಿಲ್ಲ, ಇಸ್ತ್ರಿಗೆ ಚೆನ್ನಾಗಿ ಕೂರುತ್ತದೆ, ಹೊಸದಾಗಿ ಕಲಿಯುವವರ ಕೈಗೂ ಬಗ್ಗುತ್ತದೆ. ಲಾನ್ ಅದರ ಅರ್ಧದಷ್ಟೇ ತೂಕ, ಎಳೆ ತೀರ ಸಣ್ಣ. ಟಾನಾ ಲಾನ್‌ನ ಅಗಲ ಸುಮಾರು 136 ಸೆಂಟಿಮೀಟರ್. 1875ರಲ್ಲಿ ಲಂಡನ್ನಿನಲ್ಲಿ ಶುರುವಾದ ಲಿಬರ್ಟಿ ಅಂಗಡಿಯವರು ಈ ಬಟ್ಟೆಗೆ ಇಥಿಯೋಪಿಯದ ಟಾನಾ ಸರೋವರದ ಹೆಸರು ಇಟ್ಟರು. ಇದನ್ನು 14 ನಂಬ್ರದ ಸೂಜಿಯಲ್ಲಿ ಹೊಲಿದರೆ ಹೊಲಿಗೆಯ ಗೆರೆಯುದ್ದಕ್ಕೂ ತೂತು ಕಾಣುತ್ತದೆ. 9 ಅಥವಾ 11 ನಂಬ್ರದ ಹೊಸ ಸೂಜಿ ಬೇಕು. ಹಳೆಯ ಕಪ್ಪು ಮಿಷನ್ನಿನಲ್ಲೂ ಚೆನ್ನಾಗಿಯೇ ಬರುತ್ತದೆ, ಶುರುವಿನ ಎರಡು ಹೊಲಿಗೆಗೆ ಎರಡೂ ನೂಲಿನ ತುದಿಯನ್ನು ಹಿಂದಕ್ಕೆ ಎಳೆದು ಹಿಡಿದರೆ ಸಾಕು. ಇಲ್ಲದಿದ್ದರೆ ಬಟ್ಟೆಯ ಮೂಲೆಯನ್ನು ಮಿಷನ್ನಿನ ಹಲ್ಲು ಕೆಳಕ್ಕೆ ನುಂಗುತ್ತದೆ.

ಬೆಲೆಯ ಮಾತು ಹೇಳಲೇಬೇಕು. ಒಂದು ಮೀಟರ್ ಟಾನಾ ಲಾನ್‌ಗೆ ಕೊಡುವ ದುಡ್ಡಿಗೆ ನಮ್ಮ ಬ್ಲಾಕ್ ಪ್ರಿಂಟಿನ, ಎಂದರೆ ಮರದ ಅಚ್ಚೊತ್ತಿದ, ಕ್ಯಾಂಬ್ರಿಕ್ ಎಂಬ ತೆಳು ಹತ್ತಿ ಬಟ್ಟೆ ಹತ್ತು ಮೀಟರಿಗೂ ಹೆಚ್ಚು ಬರುತ್ತದೆ. ಆದ್ದರಿಂದ ಈ ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿ ಯೋಚಿಸಬೇಡಿ, ಅಂಗೈಯ ಲೆಕ್ಕದಲ್ಲಿ ಯೋಚಿಸಿ. ಕ್ವಿಲ್ಟಿಂಗ್ ಬಟ್ಟೆ ಮಾರುವವರು 18 ಇಂಚು ಉದ್ದ, 22 ಇಂಚು ಅಗಲದ ತುಂಡನ್ನು ಫ್ಯಾಟ್ ಕ್ವಾರ್ಟರ್ ಎಂದು ಕೊಡುತ್ತಾರೆ. ಸೆಂಟಿಮೀಟರಿನಲ್ಲಿ ಸುಮಾರು 45ಕ್ಕೆ 56. ಇದರಲ್ಲಿ 25ಕ್ಕೆ 17ರ ನಾಲ್ಕು ತುಂಡು ಸಲೀಸಾಗಿ ಸಿಗುತ್ತದೆ. ಎರಡು ಹೊರಮೈಗೆ, ಎರಡು ಲೈನಿಂಗಿಗೆ. ಒಂದು ಝಿಪ್ ಚೀಲ ತಯಾರು. ಕನ್ನಡಕದ ಚೀಲ, ಪುಸ್ತಕದ ಹೊದಿಕೆ, ನಿವೃತ್ತಿಯಾಗುವ ಟೀಚರಿಗೆ ಕೊಡುವ ಪೆನ್ನಿನ ಚೀಲ, ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯ ಬಟ್ಟೆ ನನಗೆ ಸಿಕ್ಕಿಲ್ಲ. ನೀರಿಗೆ ಬೀಳುವುದೇ ಅಪರೂಪ, ಕಣ್ಣಿಗೆ ಬೀಳುವುದು ದಿನಾ.

ಒಂದು ಸಣ್ಣ ಉಪಯೋಗದ ಮಾತು. ಈ ಬಟ್ಟೆಗಳ ಅಂಚಿನಲ್ಲಿ ಡಿಸೈನಿನ ಹೆಸರಿನ ಪಕ್ಕ ಬಣ್ಣದ ಬೊಟ್ಟುಗಳ ಸಾಲು ಇರುತ್ತದೆ. ಅಚ್ಚಿಗೆ ಬಳಸಿದ ಬಣ್ಣಗಳೆಲ್ಲ ಅಲ್ಲಿವೆ. ಆ ಅಂಚನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದರೆ ನೂಲು, ಝಿಪ್, ಲೈನಿಂಗ್ ಬಣ್ಣ ಹೊಂದಿಸುವುದು ಸುಲಭ.

ದೊಡ್ಡ ಡಿಸೈನಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒಂದು ಹಕ್ಕಿ, ಒಂದು ಮರ ಪೂರ್ತಿ ಮುಗಿದು ಮತ್ತೆ ಶುರುವಾಗಲು 50-60 ಸೆಂಟಿಮೀಟರ್ ಬೇಕಾಗುವ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದರೆ ಹಕ್ಕಿಯ ರೆಕ್ಕೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಹಕ್ಕಿಯನ್ನೇ ನಡುವಿಗೆ ತರಲು ಹೋದರೆ ಅರ್ಧ ಬಟ್ಟೆ ಚೂರಾಗುತ್ತದೆ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ 1883ರಲ್ಲಿ ಮಾಡಿದ ಸ್ಟ್ರಾಬೆರಿ ಕದಿಯುವ ಹಕ್ಕಿಗಳ ಡಿಸೈನ್ ಇವತ್ತಿಗೂ ಮಾರಾಟವಾಗುತ್ತಿದೆ. ಅದರ ಪೂರ್ತಿ ಚೆಂದ ಕಾಣಬೇಕಾದರೆ ದಿಂಬಿನ ಕವರಿನಷ್ಟು ಜಾಗವಾದರೂ ಬೇಕು. ಆ ಬಟ್ಟೆಯನ್ನು ಮಾರಿಸ್ ಮೊದಲು ಅಚ್ಚು ಹಾಕಿಸಿದ್ದು ನೀಲಿಯಲ್ಲಿ ಮುಳುಗಿಸಿ, ಬೇಕಾದಲ್ಲಿ ನೀಲಿಯನ್ನು ತೆಗೆದು, ಮರದ ಅಚ್ಚಿನಿಂದ ಬೇರೆ ಬಣ್ಣ ತುಂಬಿ. ನೀಲಿಯ ತೊಟ್ಟಿ, ಮರದ ಅಚ್ಚು, ಕೈಯ ಒತ್ತು ನಮ್ಮ ದೇಶದವರಿಗೆ ಹೊಸದಲ್ಲ.

ಬ್ಲಾಕ್ ಪ್ರಿಂಟ್, ಅಜ್ರಕ್, ಕಲಂಕಾರಿ

ನಮ್ಮ ಅಜ್ಜಿಯಂದಿರು ಅಚ್ಚು ಹಾಕಿದ ಬಟ್ಟೆಗೆ ಚೀಟಿ ಬಟ್ಟೆ ಎನ್ನುತ್ತಿದ್ದರು. ಇಂಗ್ಲಿಷಿನ ಚಿಂಟ್ಜ್ ಕೂಡ ಅದೇ ಕುಲದ ಮಾತು. ಕ್ಯಾಲಿಕೋ ಎಂಬ ಹೆಸರು ಬಂದದ್ದು ನಮ್ಮಿಂದ ದಕ್ಷಿಣಕ್ಕೆ ಇದೇ ಕರಾವಳಿಯಲ್ಲಿರುವ ಕಲ್ಲಿಕೋಟೆಯಿಂದ. ನಮ್ಮ ದೇಶದ ಅಚ್ಚಿನ ಬಟ್ಟೆಗೆ ಇಂಗ್ಲೆಂಡಿನಲ್ಲಿ ಎಷ್ಟು ಬೇಡಿಕೆ ಹುಟ್ಟಿತೆಂದರೆ, ಅಲ್ಲಿನ ನೇಕಾರರ ಹೊಟ್ಟೆಪಾಡು ಕಾಯಲು 1700ರಲ್ಲೊಮ್ಮೆ, 1721ರಲ್ಲೊಮ್ಮೆ ಕಾನೂನು ಮಾಡಿ ಅದನ್ನು ತಡೆಯಬೇಕಾಯಿತು. ಹೊರಗಿನದು ಡಿಸೈನರ್, ನಮ್ಮದು ಬರೇ ಪ್ರಿಂಟ್ ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುವುದು ಇದಕ್ಕೆ.

ರಾಜಸ್ಥಾನದ ಸಾಂಗಾನೇರ್, ಬಗ್ರು ಕಡೆಯ ಅಚ್ಚಿನ ಬಟ್ಟೆ ಹೆಚ್ಚಾಗಿ ಕ್ಯಾಂಬ್ರಿಕ್ ಮೇಲೆ ಬರುತ್ತದೆ. ಅಂಗಡಿಯವರು "60-60, 92-88" ಎನ್ನುತ್ತಾರೆ. ಹಾಸಿನ ನೂಲೂ 60 ನಂಬ್ರ, ಹೊಕ್ಕಿನದೂ 60. ಒಂದು ಇಂಚಿನಲ್ಲಿ 92 ಹಾಸು, 88 ಹೊಕ್ಕು. ಇದು ಕ್ವಿಲ್ಟಿಂಗ್ ಕಾಟನ್ನಿಗಿಂತ ತೆಳು. ಚೀಲಕ್ಕೆ ಹಾಗೆಯೇ ಬಳಸಿದರೆ ಹಳೆಯ ತೋರಣದ ಹಾಗೆ ಜೋಲುತ್ತದೆ, ಗಟ್ಟಿ ನಿಲ್ಲಲು ಒಳಗೆ ಬಕ್ರಂ ಅಥವಾ ಕ್ಯಾನ್ವಾಸ್ ಕೊಡಲೇಬೇಕು. ಅದೇ ಬಟ್ಟೆ ಮಗುವಿನ ಜಬಲೆಗೆ (ಸಡಿಲ ಅಂಗಿಗೆ), ತಲೆದಿಂಬಿನ ಕವರಿಗೆ, ಕರವಸ್ತ್ರಕ್ಕೆ ಕ್ವಿಲ್ಟಿಂಗ್ ಕಾಟನ್ನಿಗಿಂತ ಎಷ್ಟೋ ಮೇಲು. ತೆಳುವಾದ್ದರಿಂದ ಮಳೆಗಾಲದಲ್ಲೂ ಬೇಗ ಒಣಗುತ್ತದೆ.

ಕೈಯ ಅಚ್ಚೋ ಸ್ಕ್ರೀನ್ ಪ್ರಿಂಟೋ ತಿಳಿಯಲು ಬಟ್ಟೆಯನ್ನು ಒಂದು ಮೀಟರ್ ಉದ್ದಕ್ಕೆ ಹರಡಿ. ಕೈಯ ಅಚ್ಚಿನಲ್ಲಿ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಕಡೆ ಗೆರೆ ಕೂದಲೆಳೆಯಷ್ಟು ಹಿಂದೆಮುಂದೆ ಆಗಿರುತ್ತದೆ, ಒಂದು ಹೂವಿನಲ್ಲಿ ಬಣ್ಣ ದಟ್ಟ, ಪಕ್ಕದ್ದರಲ್ಲಿ ತೆಳು. ಸ್ಕ್ರೀನ್‌ನಲ್ಲಿ ಎಲ್ಲ ಹೂವೂ ಒಂದೇ ತೂಕ. ತಪ್ಪಿದ್ದರೆ ಅದೇ ತಪ್ಪು ಅಷ್ಟಷ್ಟು ದೂರಕ್ಕೆ ಮತ್ತೆ ಮತ್ತೆ ಬರುತ್ತದೆ. ಕಲಂಕಾರಿ ಎಂದು ಮೀಟರಿಗೆ ಅಗ್ಗವಾಗಿ ಸಿಗುವುದರಲ್ಲಿ ಬಹುಪಾಲು ಸ್ಕ್ರೀನ್ ಪ್ರಿಂಟೇ. ಮಚಲಿಪಟ್ಟಣದ ಬಳಿಯ ಪೆಡನದಲ್ಲಿ ಆಗುವುದು ಮರದ ಅಚ್ಚಿನ ಕಲಂಕಾರಿ, ಶ್ರೀಕಾಳಹಸ್ತಿಯದು ಕಲಮಿನಿಂದ ಕೈಯಲ್ಲೇ ಬರೆಯುವ ಚಿತ್ರ. ಬರೆದದ್ದು ಕೈಗೆ ಬಂದರೆ ಕತ್ತರಿ ಹಾಕಬೇಡಿ, ಸುತ್ತ ಅಂಚು ಕೊಟ್ಟು ಗೋಡೆಗೆ ತೂಗುಹಾಕಲು ಕೊಡಿ.

ಅಜ್ರಕ್‌ನ ಜಾಗವೇ ಬೇರೆ. ಕಚ್ಛದ ಈ ಬಟ್ಟೆಯ ಗಾಢ ನೀಲಿ, ಮಂಜಿಷ್ಠದ ಕೆಂಪು, ನಡುವೆ ಬಿಳಿಯ ಗೆರೆ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಎಲೆಯಡಿಕೆ ಚೀಲ. ನಮ್ಮಲ್ಲಿ ಹಿರಿಯರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಹೊಲಿಗೆಯ ಉಡುಗೊರೆ ಇಲ್ಲ. ಮೂರು ಖಾನೆ ಬೇಕು: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಸಣ್ಣದು. ಎಲೆಯ ಖಾನೆ ಯಾವಾಗಲೂ ಪಸೆಯಾಗಿರುತ್ತದೆ, ಅಡಿಕೆಯ ಕಲೆ ಒಗೆದರೂ ಹೋಗುವುದಿಲ್ಲ. ಈ ಚೀಲವನ್ನು ತಿಳಿ ಬಣ್ಣದ ವಿಲಾಯತಿ ಹೂವಿನ ಬಟ್ಟೆಯಲ್ಲಿ ಹೊಲಿದರೆ ತಿಂಗಳೊಳಗೆ ಕಂದು ಮಚ್ಚೆ. ಅಜ್ರಕ್‌ನಲ್ಲಿ ಆ ಮಚ್ಚೆಯೂ ಡಿಸೈನಿನೊಳಗೆ ಸೇರಿಹೋಗುತ್ತದೆ. ಲೈನಿಂಗಿಗೆ ಗಾಢ ಕಂದು ಪಾಪ್ಲಿನ್ ಹಾಕಿ, ಎಲೆಯ ಖಾನೆಯ ಲೈನಿಂಗನ್ನು ತಳದಲ್ಲಿ ಹೊಲಿಯದೆ ಸಡಿಲ ಬಿಡಿ. ಹೊರಗೆ ಮಗುಚಿ ತೊಳೆದು ಒಣಗಿಸಬಹುದು. ನೀಲಿಯ ಬಟ್ಟೆ ಹೊಸತರಲ್ಲಿ ಉಜ್ಜಿದರೆ ಕೈಗೆ ಹತ್ತುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ, ಬಿಳಿ ಪಂಚೆಯ ಸೊಂಟಕ್ಕೆ ಸಿಕ್ಕಿಸುವ ಚೀಲವಾದರೆ ಎರಡು ಮೂರು ಸಲ ಒಗೆದೇ ಹೊಲಿಯಿರಿ.

ಕಾಸರಗೋಡಿನ ಮಗ್ಗ, ಕಣ್ಣೂರಿನ ಮಗ್ಗ

ಕಾಸರಗೋಡು ಸೀರೆಗೆ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕ (ಜಿಐ) ಸಿಕ್ಕಿದೆ ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆದರೆ ಅದನ್ನು ಹೊಲಿಗೆಯ ಬಟ್ಟೆಯಾಗಿ ನೋಡುವವರು ಕಡಿಮೆ. ಅಪ್ಪಟ ಹತ್ತಿ, ಸಣ್ಣ ನೂಲು, ಸಾದಾ ಮೈ ಅಥವಾ ಗೆರೆ, ಚೌಕಳಿ, ಬೇರೆ ಬಣ್ಣದ ಅಂಚು. ಇಲ್ಲಿ ಚಿತ್ರವಿಲ್ಲ, ಬಣ್ಣವೆಲ್ಲ ನೂಲಿನಲ್ಲೇ ಇದೆ. ಅಚ್ಚಿನ ಬಟ್ಟೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಚ್ಚಿನ ಬಟ್ಟೆಯ ಹಿಂಬದಿ ಮಂಕಾಗಿರುತ್ತದೆ, ಮಗ್ಗದ ಬಟ್ಟೆಗೆ ಎರಡೂ ಕಡೆ ಒಂದೇ. ಒಂದು ಪದರದಲ್ಲೇ ಮುಗಿಯುವ ವಸ್ತುವಿಗೆ, ಎಂದರೆ ಟೇಬಲ್ ಹೊದಿಕೆ, ಊಟದ ಚಾಪೆಯ ಬಟ್ಟೆ, ಕಿಟಕಿಯ ಪರದೆ, ಕೈ ಒರೆಸುವ ಬಟ್ಟೆಗೆ ನಾನು ಮೊದಲು ಕೈ ಚಾಚುವುದು ಇದಕ್ಕೇ. ಹಿಂಬದಿ ಮುಚ್ಚಲು ಲೈನಿಂಗ್ ಬೇಡ. ಗೆರೆ, ಚೌಕಳಿ ಇದ್ದರೆ ಕತ್ತರಿ ನೇರ ಹೋಗಲು ಸ್ಕೇಲೂ ಬೇಡ. ಅಂಚನ್ನು ಹಾಗೆಯೇ ಉಳಿಸಿ ಕೈಚೀಲದ ಬಾಯಿಗೆ ತಂದರೆ ಅಲ್ಲಿ ಮಡಚಿ ಹೊಲಿಯುವ ಕೆಲಸವೂ ಉಳಿಯುತ್ತದೆ.

ಕಷ್ಟಗಳೂ ಇವೆ. ಹೊಸ ಸೀರೆಯಲ್ಲಿ ಗಂಜಿ ತುಂಬಿರುತ್ತದೆ. ಕೈಗೆ ಗಟ್ಟಿ ಎನಿಸುತ್ತದೆ, ಒಂದು ಸಲ ಒಗೆದ ಮೇಲೆ ನಿಜವಾದ ಮೈ ಗೊತ್ತಾಗುವುದು. ಗಟ್ಟಿಯಿದೆ ಎಂದು ನಂಬಿ ಚೀಲ ಹೊಲಿದರೆ ಮೊದಲ ಒಗೆತಕ್ಕೆ ಅದು ಕುಸಿಯುತ್ತದೆ. ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತದೆ, ಹಾಗಾಗಿ ಹೊಲಿಗೆಗೆ ಕಾಲು ಇಂಚು ಸಾಲದು, ಒಂದೂವರೆ ಸೆಂಟಿಮೀಟರ್ ಬಿಟ್ಟು ಹೊಲಿದು ಓವರ್‌ಲಾಕ್ ಮಾಡಿಸಿ. ಗಂಜಿ ಇರುವ ಬಟ್ಟೆಯನ್ನು ಮಳೆಗಾಲದಲ್ಲಿ ಕಪಾಟಿನಲ್ಲಿ ಇಟ್ಟರೆ ಬೂಸ್ಟು ಮೊದಲು ಹಿಡಿಯುವುದು ಅದಕ್ಕೇ.

ಕಣ್ಣೂರಿನದು ಬೇರೆಯೇ ಜಾತಿ. ಮನೆಬಳಕೆಯ ದಪ್ಪ ಬಟ್ಟೆಗೆ ಅಲ್ಲಿನ ಮಗ್ಗಗಳು ಹೆಸರುವಾಸಿ. ಅಲ್ಲಿಯೂ ಮಂಗಳೂರಿನಲ್ಲಿಯೂ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್ನಿನವರು 19ನೇ ಶತಮಾನದಲ್ಲಿ ನೇಯ್ಗೆ ಕಾರ್ಖಾನೆ ನಡೆಸುತ್ತಿದ್ದರು. ದಿನಾ ಸಂತೆಗೆ ಹೋಗುವ ಕೈಚೀಲ, ಅಡುಗೆಯ ಏಪ್ರನ್, ಸೋಫಾದ ದಿಂಬಿನ ಕವರ್, ಚಾವಡಿಯ ಬೆಂಚಿನ ಹಾಸು ಇವಕ್ಕೆಲ್ಲ ಕಣ್ಣೂರಿನ ಬಟ್ಟೆಯ ಮುಂದೆ ಯಾವ ಡಿಸೈನರ್ ಕಾಟನ್ನೂ ನಿಲ್ಲುವುದಿಲ್ಲ. ಬಕ್ರಂ ಇಲ್ಲದೆಯೇ ನಿಲ್ಲುತ್ತದೆ. 16 ನಂಬ್ರದ ಸೂಜಿ, ಸ್ವಲ್ಪ ಉದ್ದದ ಹೊಲಿಗೆ ಸಾಕು.

ಕೈಚೀಲದ ಲೆಕ್ಕ ಹೇಳುತ್ತೇನೆ. 38 ಅಗಲ, 42 ಎತ್ತರದ ಚೀಲಕ್ಕೆ 41ಕ್ಕೆ 45ರ ಎರಡು ತುಂಡು ಬೇಕು. 112 ಸೆಂಟಿಮೀಟರ್ ಅಗಲದ ಬಟ್ಟೆಯಲ್ಲಿ ಅವೆರಡನ್ನು ಪಕ್ಕಪಕ್ಕ ಇಟ್ಟರೆ 82 ಆಯಿತು, ಬದಿಯಲ್ಲಿ 30 ಉಳಿಯಿತು. ಬಟ್ಟೆ 70 ಸೆಂಟಿಮೀಟರ್ ಉದ್ದ ಕೊಂಡರೆ ಆ ಬದಿಯಲ್ಲಿ 10 ಅಗಲದ ಎರಡು ಹಿಡಿಕೆ, ತುಂಡುಗಳ ಕೆಳಗೆ ಉಳಿದ ಬಟ್ಟೆಯಲ್ಲಿ ಒಳಗಿನ ಒಂದು ಕಿಸೆ. ಒಂದು ಮೀಟರ್ ಬೇಕೆಂದು ಹೇಳುವವರ ಮಾತು ಕೇಳಬೇಡಿ.

ಗುಳೇದಗುಡ್ಡದ ಖಣದ, ಎಂದರೆ ಅಲ್ಲಿ ನೇಯುವ ರವಿಕೆ ಬಟ್ಟೆಯ, ಬಗ್ಗೆಯೂ ಕೇಳುತ್ತಾರೆ. ನೋಡಲು ಅದರಷ್ಟು ಕಳೆ ಯಾವುದಕ್ಕೂ ಇಲ್ಲ. ಆದರೆ ಅಗಲ ಕಡಿಮೆ, ಎಳೆ ಬಹಳ ಬಿಡುತ್ತದೆ, ಒಗೆಯುವ ವಸ್ತುವಿಗೆ ಸಲ್ಲ. ಆರತಿ ತಟ್ಟೆಯ ಮುಚ್ಚಳದ ಬಟ್ಟೆ, ಕುಂಕುಮದ ಬಟ್ಟಲಿಡುವ ಪುಟ್ಟ ಚೀಲ, ಮದುವೆಯ ದಿನ ತಾಂಬೂಲ ಕೊಡುವ ಚೀಲ, ಅಷ್ಟಕ್ಕೆ ಅದು. ಕತ್ತರಿಸುವ ಮೊದಲೇ ಹಿಂಬದಿಗೆ ಪೇಸ್ಟಿಂಗ್ ಎಂಬ ಅಂಟಿರುವ ತೆಳು ಬಟ್ಟೆಯನ್ನು ಇಸ್ತ್ರಿ ಮಾಡಿ ಅಂಟಿಸಿದರೆ ಎಳೆ ಬಿಡುವುದು ನಿಲ್ಲುತ್ತದೆ.

ಡಿಜಿಟಲ್ ಪ್ರಿಂಟ್

ಮಕ್ಕಳಿಗೆ ಇಷ್ಟವಾಗುವ ಆನೆ, ರೈಲು, ಮಗುವಿನ ಹೆಸರು ಎಲ್ಲ ಇದರಲ್ಲಿ ಬರುತ್ತದೆ. ಶಾಲೆಯ ಪೆನ್ಸಿಲ್ ಚೀಲಕ್ಕೆ ಸಾಕು. ಕೊಳ್ಳುವಾಗ ಹತ್ತಿಯೋ ಪಾಲಿಯೆಸ್ಟರೋ ಖಚಿತ ಮಾಡಿಕೊಳ್ಳಿ. ಅಂಚಿನಿಂದ ನಾಲ್ಕು ಎಳೆ ಕಿತ್ತು ಬೆಂಕಿಗೆ ಹಿಡಿದರೆ ಹತ್ತಿ ಕಾಗದದ ಹಾಗೆ ಉರಿದು ಬೆರಳಿಗೆ ಪುಡಿಯಾಗುವ ಬೂದಿ ಬಿಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಸ್ತ್ರಿ ಯಾವಾಗಲೂ ಹಿಂಬದಿಯಿಂದ.

ಬಣ್ಣ ಮತ್ತು ಕುಗ್ಗು: ನನ್ನ ತಪ್ಪಿನ ಪಾಠ

ಕೆಲವು ವರ್ಷದ ಹಿಂದೆ ಹತ್ತಿರದ ಸಂಬಂಧಿಕರ ಮನೆ ಒಕ್ಕಲಿಗೆ ಊಟದ ಮೇಜಿನ ಉದ್ದ ಹೊದಿಕೆಯೊಂದನ್ನು ಹೊಲಿದೆ. ಬಿಳಿ ಕೈಮಗ್ಗದ ಮೈ, ಎರಡು ತುದಿಗೆ ಕೆಂಪು ಕಲಂಕಾರಿಯ ಪಟ್ಟಿ. ಕೆಂಪು ಬಟ್ಟೆ ಪೇಟೆಯ ಒಂದು ಅಂಗಡಿಯಲ್ಲಿ ಕೊಂಡದ್ದು, ಬಣ್ಣ ಹೋಗುವುದಿಲ್ಲ ಎಂದು ಅವರು ಹೇಳಿದ್ದರು. ನಾನು ಒಗೆದು ನೋಡಲಿಲ್ಲ. ಮೊದಲ ಒಗೆತಕ್ಕೆ ಬಿಳಿಯೆಲ್ಲ ದಾಸವಾಳದ ನೀರಿನಂತೆ ಆಯಿತಂತೆ. ಒಂದು ವರ್ಷದ ನಂತರ ಆ ಮನೆಯ ಅತ್ತೆ ಬಹಳ ಮೆಲ್ಲಗೆ ಹೇಳಿದರು. ಹೇಳಲು ಅವರು ಪಟ್ಟ ಸಂಕೋಚ ನೆನೆದರೆ ಈಗಲೂ ನನಗೆ ಕಣ್ಣು ತುಂಬುತ್ತದೆ.

ಅಂದಿನಿಂದ ಯಾವ ಬಟ್ಟೆಯಾದರೂ ಸರಿ, 20ಕ್ಕೆ 20 ಸೆಂಟಿಮೀಟರಿನ ತುಂಡೊಂದನ್ನು ಮೊದಲು ಕತ್ತರಿಸುತ್ತೇನೆ. ಬಿಸಿನೀರಲ್ಲಿ ಸೋಪು ಹಾಕಿ, ಜೊತೆಗೆ ಒಂದು ಬಿಳಿ ಚಿಂದಿ ಹಾಕಿ ಅರ್ಧ ಗಂಟೆ ಬಿಟ್ಟು, ಹಿಂಡಿ, ಎರಡನ್ನೂ ಒಟ್ಟಿಗೆ ಸುತ್ತಿ ಇಡುವುದು. ಒದ್ದೆಯಲ್ಲೇ ಸುತ್ತಿ ಇಡುವುದು ಮುಖ್ಯ, ನಮ್ಮ ಮಳೆಗಾಲದಲ್ಲಿ ಬಕೇಟಿನಲ್ಲಿ ಆಗುವುದೇ ಅದು. ಬಿಳಿ ಚಿಂದಿ ಬಿಳಿಯಾಗಿಯೇ ಉಳಿದರೆ ಪಾಸು. ಒಣಗಿ ಇಸ್ತ್ರಿಯಾದ ಮೇಲೆ ತುಂಡನ್ನು ಅಳೆಯಿರಿ. 19 ಬಂದರೆ ನೂರಕ್ಕೆ ಐದು ಕುಗ್ಗಿತು. ಹತ್ತಿಯಲ್ಲಿ ನೂರಕ್ಕೆ ಮೂರರಿಂದ ಐದು ಸಾಮಾನ್ಯ, ಕೈಮಗ್ಗದ್ದು ಇನ್ನೂ ಹೆಚ್ಚೂ ಆಗಬಹುದು. ಒಂದೊಂದು ಬಟ್ಟೆ ಒಂದೊಂದು ಲೆಕ್ಕದಲ್ಲಿ ಕುಗ್ಗುವುದರಿಂದ, ಎರಡು ಬಗೆಯನ್ನು ಸೇರಿಸಿ ಹೊಲಿಯುವಾಗ ಎರಡನ್ನೂ ಮೊದಲೇ ಒಗೆಯುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಉಪ್ಪು ನೀರಲ್ಲಿ, ವಿನೆಗರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ. ಬಣ್ಣ ಹಾಕಿ ಮುಗಿದ ಹತ್ತಿ ಬಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಎಳೆಯೊಳಗೆ ಸೇರದೆ ಉಳಿದ ಬಣ್ಣ ನೀರಲ್ಲಿ ಹೋಗಿ ಮುಗಿಯಬೇಕು. ಮೂರು ನಾಲ್ಕು ಒಗೆತಕ್ಕೂ ಮುಗಿಯದಿದ್ದರೆ ಆ ಬಟ್ಟೆಯನ್ನು ಬಿಳಿಯ ಜೊತೆ ಸೇರಿಸಬೇಡಿ, ಅಷ್ಟೇ.

ಅಡುಗೆಮನೆಗೆ ಕೊಡುವ ವಸ್ತುವಿನಲ್ಲಿ ಇನ್ನೆರಡು ಎಚ್ಚರ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಯೊಳಗೆ ಪಾಲಿಯೆಸ್ಟರ್ ಫೋಮ್ ಇಡಬೇಡಿ, ಬಿಸಿಗೆ ಕರಗುತ್ತದೆ. ಹಳೆಯ ಟರ್ಕಿ ಟವೆಲಿನ ಎರಡು ಮೂರು ಪದರ ಸಾಕು. ಹಲಸಿನ ಮೇಣ, ಬಾಳೆಕಾಯಿಯ ಕರೆ ತಾಗಿದ ಬಟ್ಟೆ ಮೊದಲಿನಂತೆ ಆಗುವುದಿಲ್ಲ, ಆದ್ದರಿಂದ ಏಪ್ರನ್ನಿಗೆ ಕಣ್ಣೂರಿನ ಗಾಢ ಬಣ್ಣದ ಬಟ್ಟೆ. ನಿಮಗೆ ಡಿಸೈನರ್ ಬಟ್ಟೆ ಕಾಣಲೇಬೇಕಿದ್ದರೆ ಎದೆಯ ಮೇಲಿನ ಕಿಸೆಯ ಅಂಚಿಗೆ ಒಂದು ಪಟ್ಟಿ ಕೊಡಿ.

ಚೀಲಕ್ಕೆ ಲೋಹದ ಅಗ್ಗದ ಝಿಪ್ ಬೇಡ, ಸಮುದ್ರದ ಗಾಳಿಗೆ ತುಕ್ಕು ಹಿಡಿದು ಬಟ್ಟೆಗೂ ಕಲೆ ತಾಗಿಸುತ್ತದೆ. ನೈಲಾನ್ ಝಿಪ್ ಸಾಕು. ಗುಂಡಿ ಬೇಕಾದಲ್ಲಿ ನಾನು ತೆಂಗಿನ ಗೆರಟೆಯದ್ದು ಹಾಕುತ್ತೇನೆ.

ಆ ಒಂದು ಮೀಟರ್ ಬಟ್ಟೆ

ಹುಡುಗಿಯ ತೊಟ್ಟಿಲ ಹೊದಿಕೆಗೆ ಬರೋಣ. ಇಲ್ಲಿ ಹೊಸ ಬಟ್ಟೆಗಳ ನಡುವೆ ಹೋಲಿಕೆಯೇ ಬೇಡ, ಗೆಲ್ಲುವುದು ಹಳೆಯ ಸೀರೆ. ಹತ್ತು ಹದಿನೈದು ವರ್ಷ ಕಲ್ಲಿನ ಮೇಲೆ ಒಗೆಸಿಕೊಂಡ ಹತ್ತಿ ಸೀರೆಯ ಮೃದುತನ ಯಾವ ಮಿಲ್ಲಿಗೂ ಬರುವುದಿಲ್ಲ. ಹೋಗುವ ಬಣ್ಣ ಎಂದೋ ಹೋಗಿಯಾಗಿದೆ, ಕುಗ್ಗುವುದು ಎಂದೋ ಕುಗ್ಗಿಯಾಗಿದೆ. ಅವಳ ಅಜ್ಜಿಯ ಪೆಟ್ಟಿಗೆಯಲ್ಲಿ ತಿಳಿ ಹಸಿರು ಚೌಕಳಿಯ ಕಾಸರಗೋಡು ಸೀರೆಯೊಂದಿತ್ತು. ಅದರಲ್ಲಿ ಒಂದೊಂದು ಮೀಟರಿನ ನಾಲ್ಕು ಪದರ ತೆಗೆದೆವು. ನಡುವೆ ಹತ್ತಿಯ ಬ್ಯಾಟಿಂಗ್, ಎಂದರೆ ಪದರಗಳ ಒಳಗೆ ತುಂಬುವ ದಪ್ಪ ಹತ್ತಿಯ ಹಾಸು, ಹಾಕಲಿಲ್ಲ. ನಮ್ಮ ಸೆಕೆಗೆ ಅದು ಬೇಡ, ಮಳೆಯಲ್ಲಿ ಒಣಗುವುದೂ ಇಲ್ಲ. ಎಳೆಮಗುವಿನ ತೊಟ್ಟಿಲಲ್ಲಿ ದಪ್ಪ ಹೊದಿಕೆ, ದಿಂಬುಗಳನ್ನು ಸಡಿಲವಾಗಿ ಇಡಬಾರದೆಂದು ವೈದ್ಯರೂ ಹೇಳುತ್ತಾರೆ. ಇದು ಹಗಲು ನೆಲಕ್ಕೆ ಹಾಸಲು, ಎತ್ತಿಕೊಂಡಾಗ ಸುತ್ತಲು. ಗುಂಡಿ, ಮಣಿ, ಗೊಂಡೆ ಒಂದೂ ಇಲ್ಲ.

ಲಿಬರ್ಟಿಯ ಹೂಗಳು ಸುತ್ತಲಿನ ಅಂಚಿಗೆ ಬಂದವು. 90ಕ್ಕೆ 100ರ ಹೊದಿಕೆಯ ಸುತ್ತಳತೆ 380 ಸೆಂಟಿಮೀಟರ್. 136 ಅಗಲದ ಬಟ್ಟೆಯಲ್ಲಿ ಆರೂವರೆ ಸೆಂಟಿಮೀಟರಿನ ನಾಲ್ಕು ಪಟ್ಟಿ ಕತ್ತರಿಸಿ ಓರೆಯಾಗಿ ಜೋಡಿಸಿದರೆ ಮೂಲೆ ತಿರುಗಿಸಲು ಬೇಕಾದ್ದೂ ಸೇರಿ ಮುಗಿಯಿತು. ಖರ್ಚಾದದ್ದು 26 ಸೆಂಟಿಮೀಟರ್ ಬಟ್ಟೆ. ಉಳಿದ 74ರಲ್ಲಿ 25ಕ್ಕೆ 17ರ ತುಂಡುಗಳನ್ನು ಅಡ್ಡಕ್ಕೆ ಐದು, ಉದ್ದಕ್ಕೆ ನಾಲ್ಕು ಇಟ್ಟರೆ ಇಪ್ಪತ್ತು. ಹತ್ತು ಝಿಪ್ ಚೀಲಗಳ ಹೊರಮೈ. ತೆಳು ಬಟ್ಟೆಯಾದ್ದರಿಂದ ಒಳಗೆ ನೇಯ್ದ ಬಗೆಯ ಪೇಸ್ಟಿಂಗ್ ಕೊಟ್ಟೆವು. ಕಾಗದದಂತಿರುವ ಅಗ್ಗದ ಬಕ್ರಂ ನಾಲ್ಕು ದಿನಕ್ಕೆ ಸುಕ್ಕಾಗುತ್ತದೆ. ಹೊದಿಕೆಗೆ ಮಾತ್ರ ಅಂಟಿಸುವುದು ಏನೂ ಬೇಡ, ದಿನಾ ಒಗೆಯುವ ವಸ್ತುವಿನಲ್ಲಿ ಅದು ಗುಳ್ಳೆ ಏಳುತ್ತದೆ.

ಈಗ ಆ ಹೊದಿಕೆ ವಾರಕ್ಕೆ ಎರಡು ಸಲವಾದರೂ ಅವರ ಮನೆಯ ಹಗ್ಗದ ಮೇಲೆ ಕಾಣಿಸುತ್ತದೆ ಎಂದು ಹುಡುಗಿ ಹೇಳಿದಳು. ಹತ್ತು ಚೀಲಗಳಲ್ಲಿ ಏಳನ್ನು ಅವಳು ವಿಷುವಿಗೆ ಗೆಳತಿಯರಿಗೆ ಕೊಟ್ಟಳು.

ಕೊನೆಯದಾಗಿ, ಕೊಡುವಾಗ ಒಂದು ಚೀಟಿ ಹೊಲಿದು ಸೇರಿಸಿ. ನಾನು ಬಿಳಿ ಕಾಟನ್ ನಾಡದ ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ಮಲಯಾಳದಲ್ಲಿ ಬರೆಯುತ್ತೇನೆ, ನಮ್ಮಲ್ಲಿ ಉಡುಗೊರೆ ಯಾವ ಮನೆಗೂ ಹೋಗಬಹುದು: "ಮೊದಲ ಎರಡು ಸಲ ಬೇರೆಯಾಗಿ ಒಗೆಯಿರಿ. ನೆರಳಿನಲ್ಲಿ ಒಣಗಿಸಿ. ದಿನಾ ಬಳಸಿ."